ಆಗ್ರಾದ ಕಲ್ಲಿನ ತಟ್ಟೆ: ಹಸಿರು, ನೀಲಿ, ಕೆಂಪಲ್ಲಿ ನಮ್ಮನೆಗೆ ಕೆಂಪೇ ಸರಿ

ಮೊದಲೇ ಹೇಳಿಬಿಡುತ್ತೇನೆ, ಆಗ್ರಾದ ಬಿಳಿ ಅಮೃತಶಿಲೆಯ ತಟ್ಟೆಗಳಲ್ಲಿ ಕೂರಿಸುವ ಬಣ್ಣದ ಕಲ್ಲುಗಳಲ್ಲಿ ನನ್ನ ಓಟು ಕೆಂಪು ಕಾರ್ನೀಲಿಯನ್‌ಗೆ. ನಾಲ್ಕು ಸಾವಿರ ಕೊಟ್ಟು ತಂದ, ಹಸಿರು ಮ್ಯಾಲಕೈಟ್ ಕಲ್ಲು ಕೂರಿಸಿದ ತಟ್ಟೆ ಎರಡೇ ಹಬ್ಬಕ್ಕೆ ಕಳೆಗುಂದಿತು. ಆಮೇಲೆ ಬುದ್ಧಿ ಬಂದು ತಂದದ್ದು ಕೆಂಪು.

ಬಿಳಿ ಅಮೃತಶಿಲೆಯಲ್ಲಿ ಹೂಬಳ್ಳಿಯ ಆಕಾರಕ್ಕೆ ಗುಳಿ ತೋಡಿ, ಆ ಗುಳಿಗೆ ಸರಿಯಾಗಿ ಕೂರುವ ಹಾಗೆ ಬಣ್ಣದ ಕಲ್ಲನ್ನು ಸಾಣೆ ಹಿಡಿದು ಅಂಟಿಸುವ ಕೆಲಸಕ್ಕೆ ಆಗ್ರಾದಲ್ಲಿ ಪಚ್ಚೀಕಾರಿ ಅಂತಾರೆ. ತಾಜ್ ಮಹಲಿನ ಗೋಡೆಗಳಲ್ಲಿರುವುದು ಇದೇ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಇತ್ಮಾದ್-ಉದ್-ದೌಲಾ ಗೋರಿ. ನೂರ್ ಜಹಾನ್ ತನ್ನ ತಂದೆಗಾಗಿ 1622ರಿಂದ 1628ರ ನಡುವೆ ಕಟ್ಟಿಸಿದ್ದು, ತಾಜ್‌ಗಿಂತ ಹಳೆಯದು. ನಮ್ಮ ಮೈಸೂರು ಅರಮನೆಯ ದರ್ಬಾರ್ ಹಾಲಿನ ನೆಲದಲ್ಲೂ ಇದೇ ಥರ ಬಣ್ಣದ ಕಲ್ಲು ಕೂರಿಸಿದ್ದಾರೆ. ಚಿಕ್ಕಂದಿನಿಂದ ಆ ನೆಲ ನೋಡುತ್ತಾ ಬೆಳೆದವಳು ನಾನು. ಮನೆಯಲ್ಲೂ ಅಂಥದ್ದೊಂದು ಇರಲಿ ಅನ್ನೋ ಆಸೆ ಹಳೆಯದು.

ಮೊದಲ ಸಲ ಹೋದಾಗ ಮ್ಯಾಲಕೈಟ್ ತಟ್ಟೆ, ಜೊತೆಗೆ ಲಾಪಿಸ್ ಲಾಜುಲಿ ಅನ್ನೋ ಕಡುನೀಲಿ ಕಲ್ಲು ಕೂರಿಸಿದ ಪುಟ್ಟ ಡಬ್ಬಿ ತಂದೆ. ಎರಡನೇ ಸಲ ಕಾರ್ನೀಲಿಯನ್ ತಟ್ಟೆ. ಫಿರೋಜಾ ಅನ್ನೋ ತಿಳಿನೀಲಿ ಕಲ್ಲಿನದು ತರಲಿಲ್ಲ, ಬಿಳಿ ಕಲ್ಲಿಗೆ ಬಣ್ಣ ಹಾಕಿ ಮಾರೋದೇ ಜಾಸ್ತಿ, ನನಗೆ ಗುರುತು ಹಿಡಿಯೋಕೆ ಬರಲ್ಲ.

ಮ್ಯಾಲಕೈಟ್ ನೋಡಲು ಸುಂದರ, ಅದರಲ್ಲಿ ಎರಡು ಮಾತಿಲ್ಲ. ಒಂದೊಂದು ಎಲೆಯೊಳಗೂ ತಿಳಿ ಹಸಿರು, ಕಡು ಹಸಿರಿನ ಗೆರೆಗಳು ಅಲೆ ಅಲೆಯಾಗಿರುತ್ತವೆ. ಇದಕ್ಕೆ ಏನೂ ಆಗಲ್ಲ, ದಿನಾ ಬಳಸಿ ಅಂತ ಅಂಗಡಿಯವರು ಧೈರ್ಯ ಕೊಟ್ಟಿದ್ದರು. ನಾನೂ ನಂಬಿ ಅರಿಶಿನ ಕುಂಕುಮದ ತಟ್ಟೆ ಮಾಡಿಕೊಂಡೆ.

ವರಮಹಾಲಕ್ಷ್ಮಿ ಹಬ್ಬದ ದಿನ ಕೋಸಂಬರಿಗೆ ಹಿಂಡಿದ ನಿಂಬೆಹಣ್ಣಿನ ಹೋಳನ್ನು ಯಾರೋ ಆ ತಟ್ಟೆಯ ಮೇಲೆ ಕವುಚಿ ಇಟ್ಟಿದ್ದಾರೆ. ಮನೆ ತುಂಬಾ ಜನ, ಯಾರೂ ಗಮನಿಸಿಲ್ಲ. ಬೆಳಿಗ್ಗೆ ತೆಗೆದು ನೋಡಿದರೆ ದುಂಡಗೆ ಕಲೆ. ಒರೆಸಿದೆ, ತೊಳೆದೆ, ಹೋಗಲಿಲ್ಲ. ಬೆರಳಾಡಿಸಿದರೆ ಅಲ್ಲಿ ಮಾತ್ರ ತರಿತರಿ. ಅದು ಕಲೆಯಲ್ಲ, ಕಲ್ಲೇ ಸವೆದಿತ್ತು. ಹೋಳಿನ ಕೆಳಗಿದ್ದ ಎರಡು ಎಲೆಗಳಲ್ಲಿ ಗೆರೆಗಳೇ ಕಾಣದೆ, ಬೂದಿ ಉಜ್ಜಿದ ಹಾಗೆ ಮಂಕಾಗಿದ್ದವು.

ಅಮೃತಶಿಲೆ ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಮ್ಯಾಲಕೈಟ್ ತಾಮ್ರದ ಕಾರ್ಬೋನೇಟ್. ಹುಳಿ ಎರಡನ್ನೂ ತಿನ್ನುತ್ತದೆ. ನಿಂಬೆ, ಹುಣಸೆ, ಮಜ್ಜಿಗೆ ಯಾವುದೂ ಆಗದು. ನಮ್ಮ ಅಡುಗೆಮನೆಯಲ್ಲಿ ಹುಳಿ ಇಲ್ಲದ ದಿನ ಯಾವುದು ಹೇಳಿ?

ನೆಲಕ್ಕೆ ಮಾರ್ಬಲ್ ಪಾಲಿಶ್ ಮಾಡುವವರ ಹತ್ತಿರ ತೆಗೆದುಕೊಂಡು ಹೋದೆ. ಮ್ಯಾಲಕೈಟ್ ಪುಡಿ ಉಸಿರಿಗೆ ಹೋದರೆ ಒಳ್ಳೆಯದಲ್ಲ, ಹಾಗಾಗಿ ನೀರು ಹಾಕಿಕೊಂಡೇ ಉಜ್ಜಿ ಅಂತ ಕೇಳಿಕೊಂಡೆ. ಪಾಪ, ಅರ್ಧ ದಿನ ಕೂತು ಕೈಯಲ್ಲೇ ಉಜ್ಜಿದರು. ಬಿಳಿಯ ಹೊಳಪು ವಾಪಸ್ ಬಂತು. ಆ ಎರಡು ಎಲೆಗಳು ಮಾತ್ರ ಇವತ್ತಿಗೂ ಮಂಕೇ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅದನ್ನು ಮಾಡಿದ ಕೈ ಎಷ್ಟು ದಿನ ಕೂತು ಆ ಎಲೆಗಳನ್ನು ತಿದ್ದಿತ್ತೋ!

ಹಾಗಾಗಿ ಕಾರ್ನೀಲಿಯನ್ ತಟ್ಟೆ ಬಂದ ದಿನವೇ ಪರೀಕ್ಷೆ ಮಾಡಿದೆ. ಅಂಚಿನ ಒಂದು ದಳದ ಮೇಲೆ, ಪಕ್ಕದ ಬಿಳಿಯ ಮೇಲೂ ತಾಗುವ ಹಾಗೆ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷ ಕಾದೆ. ಒರೆಸಿದಾಗ ಬಿಳಿ ಮಂಕಾಗಿತ್ತು. ದಳ ಹಾಗೇ ಹೊಳೆಯುತ್ತಿತ್ತು. ಇದು ಸ್ಫಟಿಕದ ಜಾತಿಯ ಕಲ್ಲು. ಕಲ್ಲುಗಳ ಗಡಸುತನ ಅಳೆಯುವ ಹತ್ತರ ಅಳತೆಯಲ್ಲಿ ಇದು ಸುಮಾರು 7, ಮ್ಯಾಲಕೈಟ್ 4 ಕೂಡ ದಾಟಲ್ಲ. ಚಾಕು ಎಳೆದರೂ ಗೀರು ಬೀಳಲ್ಲ.

ಇನ್ನು ಇದರ ಅಂದ ಬೆಳಕಲ್ಲಿ ನೋಡಬೇಕು. ರಾತ್ರಿ ಲೈಟ್ ಆರಿಸಿ, ತಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದೆ. ಬಿಳಿ ಕಲ್ಲು ಹಾಲಿನ ಹಾಗೆ ತಿಳಿಯಾಯಿತು, ದಳಗಳು ಕೆಂಡದ ಹಾಗೆ ಉರಿದವು. ಅಂಚಲ್ಲಿ ಕೇಸರಿ, ಬುಡದಲ್ಲಿ ಕಡುಗೆಂಪು. ಈ ಕಲ್ಲು ಗುಜರಾತಿನ ರಾಜಪೀಪ್ಲಾ ಕಡೆ ಸಿಗುತ್ತದೆ. ಖಂಭಾತದ ಕೆಲಸಗಾರರು ಕಂದು ಬಣ್ಣದ ಕಲ್ಲನ್ನು ಬಿಸಿಗೆ ಇಟ್ಟು ಕೆಂಪು ಬರಿಸುತ್ತಾರೆ. ಒಳಗಿನ ಕಬ್ಬಿಣದ ಅಂಶ ಕಾದು ಕೆಂಪಾಗುತ್ತದೆ. ಹರಪ್ಪದ ಕಾಲದಿಂದ ಗುಜರಾತಿನಲ್ಲಿ ನಡೆದು ಬಂದ ಕೆಲಸ ಇದು.

ಹಸಿರು ತಟ್ಟೆಗೆ ಹಿಂದಿನಿಂದ ಟಾರ್ಚ್ ಹಿಡಿದರೆ ಎಲೆಗಳು ಬರೀ ಕಪ್ಪು ನೆರಳು.

ಲಾಪಿಸ್ ಡಬ್ಬಿ ಬಗ್ಗೆ ದೂರಿಲ್ಲ. ಅಫ್ಘಾನಿಸ್ತಾನದ ಬದಖ್ಶಾನ್ ಗಣಿಯ ಕಲ್ಲು ಅಂತ ಹೇಳಿ ಕೊಟ್ಟರು. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಒಂದು ಮೂಲೆ ಒರೆಸಿದೆ, ನೀಲಿ ಬಿಡಲಿಲ್ಲ. ಬಣ್ಣ ಹಾಕಿದ್ದಾದರೆ ಹತ್ತಿಗೆ ಅಂಟುತ್ತೆ. ಬಿಸಿಲಲ್ಲಿ ಹಿಡಿದರೆ ಒಳಗಿನ ಚಿನ್ನದ ಬಣ್ಣದ ಚುಕ್ಕಿಗಳು ಮಿನುಗುತ್ತವೆ. ಆದರೆ ದೀಪದ ಬೆಳಕಲ್ಲಿ ನೀಲಿ ಹೋಗಿ ಕಪ್ಪೇ ಅನ್ನಿಸುತ್ತೆ. ಹುಳಿ ಇದಕ್ಕೂ ಆಗದು. ಓಲೆ ಹಾಕಿಡಲು ಚೆನ್ನಾಗಿದೆ. ಅಂಗೈಯಗಲದ ಡಬ್ಬಿಗೆ ಮೂರು ಸಾವಿರ ಆಯಿತು.

ಕೆಂಪು ತಟ್ಟೆಗೆ ಕೊಟ್ಟಿದ್ದು 2,200. ಗಾಜಿನ ಶೋಕೇಸಲ್ಲಿ ಇಟ್ಟು ನೋಡುವವರಾದರೆ ಹಸಿರೇ ತಗೊಳ್ಳಿ, ಅಷ್ಟು ಚೆಂದ ಇನ್ಯಾವುದೂ ಇಲ್ಲ. ನನಗೆ ವಸ್ತು ಕೈಯಲ್ಲಿ ಆಡಬೇಕು, ಹಬ್ಬದಲ್ಲಿ ನಾಲ್ಕು ಜನ ಮುಟ್ಟಬೇಕು. ಬಿಳಿಗೆ ಹತ್ತಿದ ಅರಿಶಿನದ ಕಲೆಗೂ ದಾರಿ ಸಿಕ್ಕಿದೆ: ತೊಳೆದು ಎರಡು ದಿನ ಬಿಸಿಲಲ್ಲಿಟ್ಟರೆ ಹಳದಿ ತಾನಾಗೇ ಮಾಸುತ್ತೆ.

ಹಸಿರು ತಟ್ಟೆ ಈಗ ಗೋಡೆಗೆ ಒರಗಿದ ಸ್ಟ್ಯಾಂಡ್ ಮೇಲಿದೆ. ಕೆಂಪು ತಟ್ಟೆ ಶುಕ್ರವಾರ ಶುಕ್ರವಾರ ದೇವರ ಮುಂದೆ ಬರುತ್ತದೆ, ಕುಂಕುಮದ ಬಟ್ಟಲ ಕೆಳಗೆ ಒಂದು ವೀಳ್ಯದೆಲೆ ಹಾಸಿಕೊಂಡು.