ಐವರ್ಮೆಕ್ಟಿನ್ 1% ಇಂಜೆಕ್ಷನ್: ಬಿಟ್ಟು ಮೇಯಿಸುವ ಹಂದಿಗೆ ಎಷ್ಟು ಸಾಲುತ್ತದೆ, ಎಲ್ಲಿ ಸಾಲದು

ನಾಲ್ಕಾರು ಹಂದಿ ಸಾಕಿ ಹಗಲೆಲ್ಲ ಮೇಯಲು ಬಿಡುವವರಿಗೆ ಪಶು ಔಷಧದಂಗಡಿಯಲ್ಲಿ ಸುಲಭವಾಗಿ ಸಿಗುವ ಮದ್ದು ಇದು. ಕಜ್ಜಿ, ಹೇನು, ಕರುಳಿನ ದುಂಡುಹುಳು, ಶ್ವಾಸಕೋಶದ ಹುಳು, ಇಷ್ಟಕ್ಕೂ ಒಂದೇ ಸೂಜಿ. ಅಲ್ಲಿಯವರೆಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಮನುಷ್ಯರ ಮಿದುಳಿಗೂ ಅಪಾಯ ತರುವ ಲಾಡಿಹುಳುವಿನ ಗುಳ್ಳೆಗಳಿಗೆ ಇದನ್ನು ನಂಬಿ ಕೂರುವಂತಿಲ್ಲ.

ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ದನಕ್ಕೆ 50 ಕೆ.ಜಿ.ಗೆ 1 ಮಿ.ಲೀ., ಹಂದಿಗೆ 33 ಕೆ.ಜಿ.ಗೆ 1 ಮಿ.ಲೀ. ದನದ ಲೆಕ್ಕವನ್ನೇ ಹಂದಿಗೂ ಹಾಕಿದರೆ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಹುಳು ಪೂರ್ತಿ ಸಾಯುವುದಿಲ್ಲ, ಉಳಿದದ್ದು ಮದ್ದಿಗೆ ಒಗ್ಗಿಕೊಳ್ಳುತ್ತದೆ. ತೂಕದ ಯಂತ್ರವಿಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗಿನ ಉದ್ದ, ಎರಡನ್ನೂ ಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆ × ಸುತ್ತಳತೆ × ಉದ್ದ × 69.3 ಅಂದರೆ ಕೆ.ಜಿ. ಸುತ್ತಳತೆ 0.90, ಉದ್ದ 0.95 ಇದ್ದರೆ ಸುಮಾರು 53 ಕೆ.ಜಿ., ಮದ್ದು 1.6 ಮಿ.ಲೀ.

ಚುಚ್ಚುವುದು ಕಿವಿಯ ಹಿಂದೆ, ಕತ್ತಿನ ಸಡಿಲ ಚರ್ಮದಡಿ. ದ್ರಾವಣ ಮಂದವಾಗಿರುವುದರಿಂದ ನಿಧಾನವಾಗಿ ಒತ್ತಬೇಕು. ಹಂದಿ ಕೊಸರಾಡುವಾಗ ಅವಸರ ಮಾಡಿದರೆ ಅರ್ಧ ಮದ್ದು ಹೊರಗೇ ಸೋರುತ್ತದೆ. ಕೆಸರು ಒರೆಸದೆ ಚುಚ್ಚಿದ ಜಾಗ ಕೀವುಗಟ್ಟುತ್ತದೆ. ಬಾಟಲಿಯಿಂದ ಮದ್ದು ಎಳೆಯಲು ಒಂದು ಶುದ್ಧ ಸೂಜಿಯನ್ನು ಬೇರೆಯೇ ಇಟ್ಟುಕೊಳ್ಳಿ. ಬಾಟಲಿಗೆ ಬಿಸಿಲು ತಾಗಬಾರದು.

ಕಜ್ಜಿ ಹುಳದ ಮೊಟ್ಟೆ ಇದಕ್ಕೆ ಸಾಯುವುದಿಲ್ಲ. ಅದಕ್ಕೇ 14 ದಿನಕ್ಕೆ ಎರಡನೇ ಸೂಜಿ. ಕಿವಿಯೊಳಗೆ ದಪ್ಪ ಹಕ್ಕಳೆ ಕಟ್ಟಿದ ಹಳೆಯ ಗಂಡುಹಂದಿ ಒಂದೇ ತಪ್ಪಿಸಿಕೊಂಡರೂ ಇಡೀ ಹಿಂಡಿಗೆ ಕಜ್ಜಿ ಮರಳುತ್ತದೆ. ಹಾಗಾಗಿ ಸಂಜೆ ತೌಡು ಕಲಸಿಟ್ಟು, ಎಲ್ಲವನ್ನೂ ದೊಡ್ಡಿಗೆ ಸೇರಿಸಿ, ಒಂದೇ ದಿನ ಮುಗಿಸುವುದು ಮೇಲು. ಗಬ್ಬದ ಹಂದಿಗೆ ಮರಿ ಹಾಕುವ 7ರಿಂದ 14 ದಿನ ಮೊದಲು ಕೊಟ್ಟರೆ ತಾಯಿಯಿಂದ ಮರಿಗೆ ಹುಳು ದಾಟುವುದು ತಗ್ಗುತ್ತದೆ.

ಇಷ್ಟು ಮಾಡಿಯೂ ದುಂಡುಹುಳು ಮತ್ತೆ ಬರುತ್ತದೆ. ದೋಷ ಮದ್ದಿನದಲ್ಲ, ನೆಲದ್ದು: ಅದರ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಜಗ್ಗುವುದಿಲ್ಲ. ದೊಡ್ಡಿಯ ಲದ್ದಿ ದಿನವೂ ಎತ್ತಿ, ಗಟ್ಟಿ ನೆಲವಿದ್ದರೆ ಕುದಿಯುವ ನೀರು ಹೊಯ್ಯಿರಿ. ರಕ್ತಭೇದಿ ತರುವ ಚಾಟಿಹುಳುವಿಗೂ ಈ ಸೂಜಿ ಭರವಸೆಯದ್ದಲ್ಲ. ಅಲ್ಲಿ ಫೆನ್‌ಬೆಂಡಜೋಲ್ ವಾಸಿ, ಕೆ.ಜಿ.ಗೆ 3 ಮಿ.ಗ್ರಾಂ.ನಂತೆ 3 ದಿನ ಮೇವಿನಲ್ಲಿ.

ಇನ್ನು ಲಾಡಿಹುಳು. ಹುಳು ಇರುವುದು ಮನುಷ್ಯನ ಕರುಳಿನಲ್ಲಿ. ಬಯಲಿನಲ್ಲಿ ಕೂತವರ ಮಲ ತಿಂದ ಹಂದಿಯ ಮಾಂಸದಲ್ಲಿ ಬೆಂದ ಸಾಬಕ್ಕಿಯಂಥ ಗುಳ್ಳೆ ಏಳುತ್ತದೆ. ಆ ಮಾಂಸ ಅರೆಬೆಂದಿದ್ದರೆ ತಿಂದವರ ಹೊಟ್ಟೆಗೆ ಹುಳು ಮರಳುತ್ತದೆ. ಹುಳು ಇರುವವರ ಕೈಯಿಂದ, ತೊಳೆಯದ ಸೊಪ್ಪಿನಿಂದ ಮೊಟ್ಟೆ ಬಾಯಿಗೆ ಹೋದರೆ ಮಿದುಳಿನಲ್ಲಿ ಗುಳ್ಳೆಯಾಗಿ ಫಿಟ್ಸ್ ಬರುತ್ತದೆ, ಹಂದಿಮಾಂಸ ಮುಟ್ಟದವರಿಗೂ. ಇದಕ್ಕೆ ಹಂದಿಗೆ ಕೊಡಬೇಕಾದದ್ದು ಆಕ್ಸ್‌ಫೆಂಡಜೋಲ್, ಕೆ.ಜಿ.ಗೆ 30 ಮಿ.ಗ್ರಾಂ., ಬಾಯಿಯ ಮೂಲಕ ಒಂದೇ ಸಲ. 10% ದ್ರಾವಣವಾದರೆ 50 ಕೆ.ಜಿ. ಹಂದಿಗೆ 15 ಮಿ.ಲೀ. ಕುರಿಗೆಂದು ಮಾರುವ ದ್ರಾವಣಗಳಲ್ಲಿ ಸಾಂದ್ರತೆ ಕಡಿಮೆ ಇರಬಹುದು. ಲೇಬಲ್ ಓದಿ, ಪಶುವೈದ್ಯರನ್ನು ಕೇಳಿಯೇ ಲೆಕ್ಕ ಹಾಕಿ. ಮನೆಯವರೆಲ್ಲ ಶೌಚಾಲಯ ಬಳಸದಿದ್ದರೆ ಆ ಖರ್ಚೂ ನೀರುಪಾಲು.

ಕಡಿಯುವ ಮುನ್ನ ಕಾಯುವ ಅವಧಿಗೆ ಬಾಟಲಿಯ ಲೇಬಲ್ಲೇ ಅಂತಿಮ. ಐವರ್ಮೆಕ್ಟಿನ್‌ಗೆ ಕೆಲವು ದೇಶಗಳಲ್ಲಿ 18 ದಿನ, ಕೆಲವೆಡೆ 28; ನಮ್ಮ ಸಲಹೆ 28. ಆಕ್ಸ್‌ಫೆಂಡಜೋಲ್ ಕೊಟ್ಟರೆ ಸತ್ತ ಗುಳ್ಳೆಗಳು ಮಾಂಸದಿಂದ ಕರಗಲು ಸುಮಾರು 3 ತಿಂಗಳು ಬೇಕು. ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದಿಗೆ ಪಂದಿಕರಿಯಾಗಬೇಕಾದ ಹಂದಿಗೆ ಈ ಮದ್ದು ಮೇ ತಿಂಗಳೊಳಗೇ ಬಿದ್ದಿರಬೇಕು.