ಕೆಂಚಿಯನ್ನು ನಾನು ಕಳೆದುಕೊಂಡ ಬಗೆ: ಕಾಮಿಕ್ಸ್, ಗೇಮ್ ಕಥೆ ಬರೆಯುವವರ ಗಮನಕ್ಕೆ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ನಮ್ಮ ಸೀಮೆಯಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಹಾಕಿ ಬಟವಾಡೆಯ ಲೆಕ್ಕ ಬರೆಯುವವನೇ ಹೊರತು ಕಥೆಗಾರನಲ್ಲ. ಸಂಜೆಯ ಹೊತ್ತು ಕಥೆಯನ್ನೂ ಬರೆಯುತ್ತಿದ್ದ ಈ ರೈಟರ್ ಓದದೆ ಹಾಕಿದ ಒಂದು ಸಹಿಯಿಂದ ತನ್ನ ಕಥೆಯನ್ನು ಹೇಗೆ ಕಳೆದುಕೊಂಡ ಎಂಬುದು, ಚಿಕ್ಕಮಗಳೂರು, ಹಾಸನ ಕಡೆ ಕಾಮಿಕ್ಸ್‌ಗೂ ಮೊಬೈಲ್ ಗೇಮ್‌ಗೂ ಕಥೆ ಬರೆಯುತ್ತಿರುವ ಹುಡುಗ ಹುಡುಗಿಯರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಥೆ ಹೊಳೆದದ್ದು ಬೇಲೂರಿನಲ್ಲಿ, ಚೆನ್ನಕೇಶವ ದೇವಾಲಯದ ಬಾಗಿಲ ಪಕ್ಕದ ಸಳನ ಶಿಲ್ಪದ ಮುಂದೆ. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರು ನಮ್ಮ ತಾಲ್ಲೂಕಿನ ಅಂಗಡಿ ಗ್ರಾಮವೇ ಆದ್ದರಿಂದ, ಮೇಲೆರಗಿದ ಹುಲಿಯನ್ನು ಹೊಡೆಯೆಂದು ಸುದತ್ತ ಮುನಿ ಶಿಷ್ಯ ಸಳನಿಗೆ "ಹೊಯ್ ಸಳ" ಎಂದು ಕೂಗಿದ ಐತಿಹ್ಯ ನಮಗೆ ಮನೆಮಾತು. ಆದರೆ ಶಿಲ್ಪದಲ್ಲಿ ಸಳನ ಇರಿತ ಮುಗಿದಿಲ್ಲ. ಒಂಬೈನೂರು ವರ್ಷಗಳಿಂದ ಅರ್ಧದಲ್ಲೇ ನಿಂತಿದೆ. ಹಾಗಿದ್ದರೆ ಆ ಮೃಗ ಇನ್ನೂ ಸತ್ತಿಲ್ಲವಲ್ಲ ಎಂದು ಅನ್ನಿಸಿದಲ್ಲಿಂದ ಕೆಂಚಿ ಹುಟ್ಟಿದಳು. ಅವಳು ತೋಟದ ಆಳುಗಳು ಇರುವ ಲೈನ್ ಮನೆಯ ಹುಡುಗಿ, ಕಲ್ಲನ್ನು ಎಬ್ಬಿಸಬಲ್ಲವಳು. ಒಂದೊಂದು ಸಲ ಎಬ್ಬಿಸಿದಾಗಲೂ ಒಂದೊಂದು ಪದವನ್ನು ಶಾಶ್ವತವಾಗಿ ಮರೆಯುವವಳು. ಮೊದಲು "ಸೌಟು" ಹೋಗುತ್ತದೆ, ಆಮೇಲೆ "ಮಳೆ". ಕೊನೆಗೆ ಎದುರಿಗೆ ನಿಂತ ಹೆಂಗಸನ್ನು "ಅವ್ವ" ಎಂದು ಕರೆಯಲು ಬಾಯಿ ತೆರೆದರೆ ಪದವೇ ಸಿಗುವುದಿಲ್ಲ. ಆ ಪುಟದಲ್ಲಿ ಮಾತಿನ ಗುಳ್ಳೆಯನ್ನು ಖಾಲಿ ಬಿಡಬೇಕೆಂದು ಚಿತ್ರಕಾರರಿಗೆ ಕೆಂಪು ಶಾಯಿಯಲ್ಲಿ ಸೂಚನೆ ಬರೆದಿದ್ದೆ. ಅಡಗೂಲಜ್ಜಿ ಕಥೆಗಳ ಕಾಲದಿಂದಲೂ ವರಕ್ಕೊಂದು ಷರತ್ತು, ಮಾಯೆಗೊಂದು ಬೆಲೆ ಇದ್ದೇ ಇದೆ. ಅದನ್ನು ತೆಗೆದರೆ ಉಳಿಯುವುದು ಬರೀ ಬಾಣಬಿರುಸು.

ಜನವರಿಯ ಒಂದು ಮಧ್ಯಾಹ್ನ, ನಾನು ಕೆಂಚಿಯ ಕಥೆ ಕಳಿಸಿದ್ದ ಕಾಮಿಕ್ಸ್ ಕಂಪನಿಯವರ ಕರೆ ಬಂತು. ಹಣ್ಣು ಕುಯ್ಲಿನ ಭರ. ಒಂದು ಕಡೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದು, ಇನ್ನೊಂದು ಕಡೆ ಕಣದಲ್ಲಿ ಕುಯ್ದ ಹಣ್ಣಿನ ಬಾಕ್ಸ್ ಲೆಕ್ಕಕ್ಕೆ ಕಾದು ನಿಂತವರು. ಇಂಗ್ಲಿಷಿನ ಹನ್ನೊಂದು ಪುಟಗಳ ಕರಾರುಪತ್ರವನ್ನು ಮೊಬೈಲಿಗೆ ಕಳಿಸಿ, "ಎಲ್ಲರಿಗೂ ಇದೇ ಫಾರ್ಮ್ಯಾಟ್ ಸರ್, ಇವತ್ತೇ ಆದರೆ ಒಳ್ಳೆಯದು" ಎಂದರು. ನಾನು ಮೊದಲ ಪುಟದಲ್ಲಿದ್ದ ಹದಿನೈದು ಸಾವಿರ ರೂಪಾಯಿಯ ಸಾಲನ್ನು ಮಾತ್ರ ನೋಡಿ, ಅಂಟಂಟು ಕೈಯಲ್ಲೇ ಓಟಿಪಿ ಒತ್ತಿದೆ. ಆಧಾರ್ ಓಟಿಪಿಯ ಇ-ಸಹಿಯೂ ಸಹಿಯೇ ಎಂಬ ಅರಿವು ಆಗ ಇರಲಿಲ್ಲ. ಬಂದದ್ದು ಆರು ಸಾವಿರ. ಉಳಿದದ್ದು "ಪುಸ್ತಕ ಪ್ರಕಟವಾದ ಮೇಲೆ". ಪುಸ್ತಕ ಪ್ರಕಟವಾಗಲೇ ಇಲ್ಲ.

ವರ್ಷ ಕಳೆದ ಮೇಲೆ ಅಕ್ಕನ ಮಗ ಫೋನಿನಲ್ಲಿ ಒಂದು ಗೇಮ್ ತೋರಿಸಿದ. ಹೆಸರು ಕೆಂಚಿಯದೇ, ಆದರೆ ಆಕೆ ಈಗ ಕವಚ ತೊಟ್ಟ ರಾಜಕುಮಾರಿ. ಕಲ್ಲಿನ ಮೃಗವನ್ನು ಎಬ್ಬಿಸಿದರೆ ಯಾವ ಪದವೂ ಮರೆತುಹೋಗುವುದಿಲ್ಲ. ಶಕ್ತಿ ಮುಗಿದಾಗ ನಲವತ್ತೊಂಬತ್ತು ರೂಪಾಯಿ ಕೊಟ್ಟರೆ ಮತ್ತೆ ತುಂಬುತ್ತದೆ. ಬೆಲೆಯನ್ನು ಅವರು ತೆಗೆದಿರಲಿಲ್ಲ, ಆಡುವ ಮಕ್ಕಳ ಅಪ್ಪಂದಿರ ಜೇಬಿಗೆ ವರ್ಗಾಯಿಸಿದ್ದರು. ನನ್ನ ಹೆಸರು ಹುಡುಕಿದರೂ ಇರಲಿಲ್ಲ.

ಪತ್ರವನ್ನು ಹಾಸನದ ವಕೀಲರೊಬ್ಬರ ಬಳಿ ಒಯ್ದೆ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನ ಪ್ರಕಾರ, ಹಕ್ಕು ವರ್ಗಾವಣೆಯ ಅವಧಿಯನ್ನು ಪತ್ರದಲ್ಲಿ ಹೇಳದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಪಡೆದವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ನನ್ನ ಪತ್ರದ ಏಳನೇ ಪುಟದಲ್ಲಿ "ಶಾಶ್ವತವಾಗಿ", "ಜಗತ್ತಿನಾದ್ಯಂತ", "ಬಳಸದಿದ್ದರೂ ಊರ್ಜಿತ" ಎಂಬ ಮೂರೂ ಮಾತುಗಳಿದ್ದವು. "ಒಂದು ಕಿಟಕಿಯನ್ನೂ ಬಿಟ್ಟಿಲ್ಲ ಮಾರಾಯ್ರೆ" ಎಂದು ವಕೀಲರು ಕನ್ನಡಕ ತೆಗೆದಿಟ್ಟರು. ಅದೇ ಪುಟದಲ್ಲಿ ಪಾತ್ರಗಳ ಹೆಸರು, ರೂಪ, ಮುಂದಿನ ಭಾಗಗಳು ಎಲ್ಲವೂ ಕಂಪನಿಯದೆಂದು ಬರೆದಿತ್ತು. ಹಕ್ಕು ಮಾರಿದ ಮೇಲೂ ಲೇಖಕನಿಗೆ ಉಳಿಯುವುದು 57ನೇ ಕಲಮಿನ ವಿಶೇಷ ಹಕ್ಕು: ಕೃತಿ ತನ್ನದೆಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ತರುವ ತಿರುಚುವಿಕೆಯನ್ನು ಆಕ್ಷೇಪಿಸುವುದು. ಆ ಆಧಾರದ ಮೇಲೆ ನೋಟಿಸ್ ಕೊಟ್ಟಿದ್ದೇವೆ.

ಸಳನ ಐತಿಹ್ಯ ಯಾರ ಸ್ವತ್ತೂ ಅಲ್ಲ, ಅದರ ಮೇಲೆ ಕಂಪನಿ ಇನ್ನೂ ಹತ್ತು ಗೇಮ್ ಮಾಡಿದರೂ ನನ್ನ ತಕರಾರಿಲ್ಲ. ನನ್ನದಾಗಿದ್ದದ್ದು ನಾನು ಬರೆದ ಕೆಂಚಿ ಮತ್ತು ಆ ಖಾಲಿ ಗುಳ್ಳೆ.

ಇದು ಹಳ್ಳಿಯ ದಡ್ಡನಿಗೆ ಮಾತ್ರ ಆಗುವ ಮೋಸ ಎಂದುಕೊಳ್ಳಬೇಡಿ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅವನ ಹಕ್ಕನ್ನೆಲ್ಲ 130 ಡಾಲರಿಗೆ ಬಿಟ್ಟುಕೊಟ್ಟರು; ಅವರ ಹೆಸರು ಪುಸ್ತಕಕ್ಕೆ ಮರಳಿ, ಅವರಿಗೆ ವರ್ಷಾಶನ ಗೊತ್ತಾಗುವ ಹೊತ್ತಿಗೆ 1975 ಆಗಿತ್ತು.

ಆದ್ದರಿಂದ ಕರಾರುಪತ್ರ ಬಂದರೆ ಮೊದಲು ಹಕ್ಕಿನ ಪುಟವನ್ನು ತೆರೆಯಿರಿ, ಹಣದ ಪುಟ ಆಮೇಲೆ. ಕಾಮಿಕ್ಸ್‌ಗೆ ಕೇಳಿದವರಿಗೆ ಕಾಮಿಕ್ಸ್ ಹಕ್ಕನ್ನು ಮಾತ್ರ, ಇಂತಿಷ್ಟು ವರ್ಷಕ್ಕೆಂದು ಕೊಡಿ. ಗೇಮ್, ಸಿನಿಮಾ, ಮುಂದಿನ ಭಾಗ, ಪಾತ್ರದ ಹೆಸರು ಇವುಗಳಿಗೆ ಪ್ರತ್ಯೇಕ ಮಾತುಕತೆ ಎಂದು ಬರೆಸಿ. ನಿಮ್ಮ ಹೆಸರು ಎಲ್ಲಿ, ಹೇಗೆ ಬರಬೇಕೆಂಬುದೂ ಬರಹದಲ್ಲಿರಲಿ. ಹಸ್ತಪ್ರತಿಯನ್ನು ಕಳಿಸುವ ಮುನ್ನ ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಂಡರೂ ದಿನಾಂಕಕ್ಕೊಂದು ಆಧಾರ ಸಿಗುತ್ತದೆ. ಇವತ್ತೇ ಸಹಿ ಬೇಕು ಎನ್ನುವವರಿಗೆ ಕುಯ್ಲು ಮುಗಿಯಲಿ ಎಂದು ಹೇಳಿ.

ಕೆಂಚಿಯ ಎರಡನೇ ಭಾಗ ಎಪ್ಪತ್ತೆರಡು ಪುಟ ಆಗಿದೆ. ಆ ಹೆಸರಿನಲ್ಲಿ ಅದನ್ನು ಅಚ್ಚು ಹಾಕಿಸುವ ಹಕ್ಕು ನನಗಿಲ್ಲದ್ದರಿಂದ, ತೋಟದ ಆಫೀಸಿನ ಬೀರುವಿನಲ್ಲಿ ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್‌ಗಳ ಕೆಳಗೆ ಇಟ್ಟಿದ್ದೇನೆ.