ಹಳೇ ಕಾರಿನ ಒಳಗಿನ ಪ್ಲಾಸ್ಟಿಕ್‌ಗೆ ಪೇಂಟಾ, ಡೈಯಾ, ರ‍್ಯಾಪಾ? ನಾಲ್ಕು ಡೋರಿಗೆ ನಾಲ್ಕು ಥರ ಮಾಡಿ ನೋಡಿದ್ದು

ಕಾರಿಗೆ 15 ವರ್ಷ ಆಯ್ತು, ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ, ಹೊರಗಡೆ ಬಣ್ಣನೂ ಪರವಾಗಿಲ್ಲ, ಆದ್ರೆ ಡೋರ್ ತೆಗೆದು ಒಳಗೆ ಕೂತ್ರೆ ಮಾತ್ರ ಬೇಜಾರಾಗ್ತಿತ್ತು. ಪವರ್ ವಿಂಡೋ ಸ್ವಿಚ್ ಸುತ್ತ ಇರೋ ಪ್ಯಾನಲ್ ಮೇಲಿನ ಬೂದು ಬಣ್ಣ ಉಗುರು ತಾಗಿ ತಾಗಿ ಕಿತ್ತು ಹೋಗಿತ್ತು, ಗೇರ್ ಸುತ್ತಲಿನ ಸಿಲ್ವರ್ ಪಟ್ಟಿ ಹುಳುಕು ಹಲ್ಲಿನ ಥರ ಆಗಿತ್ತು, ಎಸಿ ವೆಂಟ್ ಪಕ್ಕದಲ್ಲಿ ರಬ್ಬರ್ ಥರ ಮೆತ್ತಗಿರೋ ಕೋಟಿಂಗ್ ಇತ್ತಲ್ಲ, ಅದಂತೂ ಬೆರಳಿಟ್ರೆ ಗೋಂದಿನ ಹಾಗೆ ಅಂಟ್ತಿತ್ತು.

ಯಾರನ್ನ ಕೇಳಿದ್ರೂ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಸರಿ, ನಾಲ್ಕು ಡೋರಿದೆ, ನಾಲ್ಕು ಸ್ವಿಚ್ ಪ್ಯಾನಲ್ ಇದೆ, ನಾಲ್ಕಕ್ಕೂ ಬೇರೆ ಬೇರೆ ಮಾಡಿ ಬಿಡೋಣ, ಯಾವುದು ಬಾಳತ್ತೆ ನೋಡೇ ಬಿಡೋಣ ಅಂತ ಶುರು ಮಾಡಿದೆ. ಡ್ರೈವರ್ ಡೋರಿಗೆ ಪ್ಲಾಸ್ಟಿಕ್ ಪ್ರೈಮರ್ ಹೊಡೆದು ಮಾಮೂಲಿ ಸ್ಪ್ರೇ ಪೇಂಟ್, ಪಕ್ಕದ ಸೀಟಿನ ಡೋರಿಗೆ ವಿನೈಲ್ ಡೈ, ಹಿಂದಿನ ಒಂದಕ್ಕೆ ಸ್ಟಿಕ್ಕರ್ ಥರ ಅಂಟಿಸೋ ವಿನೈಲ್ ರ‍್ಯಾಪ್, ಇನ್ನೊಂದಕ್ಕೆ ಬೇಡ ಅಂದಾಗ ಸುಲಿದು ತೆಗೀಬಹುದಾದ ರಬ್ಬರ್ ಪೇಂಟ್. ಡ್ರೈವರ್ ಡೋರ್ ಸವೆಯೋ ಹಾಗೆ ಹಿಂದಿನದು ಸವೆಯಲ್ಲ, ಅದು ನ್ಯಾಯ ಅಲ್ಲ ಅಂತ ನನಗೂ ಗೊತ್ತು. ಈಗ 14 ತಿಂಗಳು ಕಳೀತು.

ಹೋಲಿಕೆಗೆ ಮುಂಚೆ ನಾನು ಕೈ ಸುಟ್ಟುಕೊಂಡಿದ್ದನ್ನ ಹೇಳ್ಬೇಕು. ವರ್ಷಾನುಗಟ್ಟಲೆ ಡ್ಯಾಶ್‌ಬೋರ್ಡ್ ಪಾಲಿಶ್ ಹಾಕಿ ಹಾಕಿ ಒರೆಸಿದ್ದೆ, ಅಂಥ ಪಾಲಿಶಲ್ಲಿ ಎಷ್ಟೋ ಸಲ ಸಿಲಿಕೋನ್ ಇರತ್ತೆ, ಅದು ಕಣ್ಣಿಗೆ ಕಾಣಲ್ಲ. ನಾನು ಮೇಲೆ ಮೇಲೆ ಒರೆಸಿ, ಎಮರಿ ಪೇಪರ್ ಉಜ್ಜಿ ಪೇಂಟ್ ಹೊಡೆದೆ, ನೋಡ್ತಾ ನೋಡ್ತಾ ಪೇಂಟ್ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನ ಥರ ದುಂಡಗೆ ತೂತು ಬಿದ್ದಂಗಾಯ್ತು. ಪೂರ್ತಿ ಕಿತ್ತು ಮತ್ತೆ ಮೊದಲಿಂದ. ಮೊದಲು ಪಾತ್ರೆ ಸೋಪು ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಗೀರು ಗೀರಿನೊಳಗೂ ತಿಕ್ಕಿ ತೊಳೀಬೇಕು, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಎರಡು ಸಲ ಒರೆಸ್ಬೇಕು, ಆಮೇಲೇ ಎಮರಿ ಪೇಪರ್ ಮುಟ್ಟಬೇಕು. ಮೊದಲೇ ಉಜ್ಜಿಬಿಟ್ರೆ ಆ ಜಿಡ್ಡನ್ನ ಗೀರುಗಳ ಒಳಗೆ ನಾವೇ ತುಂಬಿದಂಗೆ. ಅಸಿಟೋನ್ ಹಾಕೋಕೆ ಹೋಗ್ಬೇಡಿ, ಎಬಿಎಸ್ ಪ್ಲಾಸ್ಟಿಕ್ ಕರಗಿ ಮೆತ್ತಗಾಗತ್ತೆ.

ಇನ್ನೊಂದು ಏನಂದ್ರೆ ಪ್ಲಾಸ್ಟಿಕ್ ಯಾವುದು ಅಂತ ನೋಡ್ಕೋಬೇಕು. ಪೀಸ್ ಬಿಚ್ಚಿ ಹಿಂದೆ ತಿರುಗಿಸಿದ್ರೆ ಸಾಮಾನ್ಯವಾಗಿ ಎಬಿಎಸ್ ಅಂತಲೋ ಪಿಪಿ ಅಂತಲೋ ಅಚ್ಚು ಒತ್ತಿರ್ತಾರೆ. ನನ್ನ ಸ್ವಿಚ್ ಪ್ಯಾನಲ್ಲು ಎಬಿಎಸ್, ಅದಕ್ಕೆ ಪೇಂಟ್ ಚೆನ್ನಾಗಿ ಹಿಡಿಯತ್ತೆ. ಡೋರ್ ಕೆಳಗಿನ ಪಾಕೆಟ್ ಪಿಪಿ ಅಂದ್ರೆ ಪಾಲಿಪ್ರೊಪಿಲೀನ್, ಅದಕ್ಕೆ ಯಾವುದೂ ಅಂಟಲ್ಲ, ಅದರ ಸ್ವಭಾವನೇ ಹಾಗೆ. ಹುರುಪಲ್ಲಿ ಅದಕ್ಕೂ ಅದೇ ಪ್ರೈಮರ್, ಅದೇ ಪೇಂಟ್ ಹೊಡೆದೆ, ಎರಡು ತಿಂಗಳಿಗೆ ಹಾವು ಪೊರೆ ಬಿಟ್ಟಂಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಪಿಪಿಗೆ ಅಡ್ಹೀಶನ್ ಪ್ರೊಮೋಟರ್ ಅಂತ ಬೇರೇನೇ ಬರತ್ತೆ, ಮೊದಲು ಅದನ್ನ ತೆಳ್ಳಗೆ ಹೊಡೆದು, ಡಬ್ಬಿ ಮೇಲೆ ಹೇಳಿರೋ ಸಮಯದೊಳಗೇ ಬಣ್ಣ ಹೊಡೀಬೇಕು. ಅಚ್ಚು ಕಾಣದಿದ್ರೆ ಒಂದು ಚೂರು ಕೆರೆದು ನೀರಿಗೆ ಹಾಕು, ತೇಲಿದ್ರೆ ಪಿಪಿ ಅಂತ ಹೇಳೋರಿದ್ದಾರೆ. ತೇಲಿದ್ರೆ ಬಹುಮಟ್ಟಿಗೆ ನಂಬಬಹುದು, ಮುಳುಗಿದ್ರೆ ಮಾತ್ರ ಎಬಿಎಸ್ಸೇ ಅಂತ ತೀರ್ಮಾನ ಮಾಡ್ಬೇಡಿ, ಗಟ್ಟಿ ಬರಲಿ ಅಂತ ಟಾಲ್ಕ್ ಬೆರೆಸಿರೋ ಪಿಪಿನೂ ಮುಳುಗಬಹುದು.

ಈಗ ಸ್ಪ್ರೇ ಪೇಂಟ್ ವಿಷಯ. ನೋಡೋಕೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ಇದೇ. 400, ಆಮೇಲೆ 600 ನಂಬರ್ ಪೇಪರ್, ಎರಡು ಕೋಟ್ ಪ್ರೈಮರ್, ಮೂರು ಕೋಟ್ ಬಣ್ಣ, ಮೇಲೆ ಮ್ಯಾಟ್ ಕ್ಲಿಯರ್, ಅಂದ್ರೆ ಹೊಳಪಿಲ್ಲದ ಪಾರದರ್ಶಕ ಕೋಟ್. ಸುಮಾರು 20-25 ಸೆಂ.ಮೀ. ದೂರದಿಂದ ತೆಳ್ಳಗೆ ಬೀಸ್ಕೊಂಡು ಹೋಗ್ಬೇಕು, ಕೋಟ್ ಮಧ್ಯೆ ಹತ್ತು ಹದಿನೈದು ನಿಮಿಷ ಸುಮ್ನಿರಬೇಕು, ನನಗೆ ಆ ತಾಳ್ಮೆ ಇಲ್ಲದೆ ಒಂದು ಮೂಲೆಯಲ್ಲಿ ಪೇಂಟ್ ಸೋರಿ ಕಣ್ಣೀರಿನ ಥರ ನಿಂತಿದೆ, ಇವತ್ತಿಗೂ ಕೂತಾಗೆಲ್ಲ ಅದೇ ಕಾಣೋದು. ಗಾಳಿಯಲ್ಲಿ ತುಂಬ ತೇವ ಇರೋ ದಿನ ಹೊಡೆದ್ರೆ ಕ್ಲಿಯರ್ ಮೇಲೆ ಬಿಳಿ ಮಬ್ಬು ಕೂರತ್ತೆ, ಅದನ್ನೂ ಅನುಭವಿಸಿದೀನಿ. ಮುಟ್ಟಿದ್ರೆ ಅರ್ಧ ಗಂಟೆಗೆ ಒಣಗಿರತ್ತೆ, ಆದ್ರೆ ಗಟ್ಟಿಯಾಗೋಕೆ ಒಂದು ವಾರನಾದ್ರೂ ಬೇಕು, ನಾನು ಮಾರನೇ ದಿನವೇ ಫಿಟ್ ಮಾಡೋಕೆ ಹೋಗಿ ಸ್ವಿಚ್ ಅಂಚಲ್ಲಿ ಹೆಬ್ಬೆಟ್ಟಿನ ಗುರುತು ಒತ್ತಿಟ್ಟೆ. 14 ತಿಂಗಳ ನಂತರ? ಉಂಗುರದ ಬೆರಳು ತಾಗೋ ಜಾಗದಲ್ಲಿ ಎರಡು ಕಡೆ ಚಕ್ಕೆ ಎದ್ದಿದೆ, ಉಳಿದಿದ್ದು ಹಾಗೇ ಇದೆ. ಗಟ್ಟಿಯಾಗಿಸೋ ದ್ರವ ಬೆರೆಸಿ ಹೊಡೆಯೋ ಟು-ಕೆ ಕ್ಲಿಯರ್ ಹಾಕಿದ್ರೆ ಇನ್ನೂ ಗಟ್ಟಿ ಬರತ್ತೆ, ಆದ್ರೆ ಅದರಲ್ಲಿ ಐಸೋಸಯನೇಟ್ ಅನ್ನೋ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರತ್ತೆ, ಮಾಮೂಲಿ ಬಟ್ಟೆ ಮಾಸ್ಕ್ ಸಾಲದು, ನಾನು ಆ ಗೋಜಿಗೆ ಹೋಗಲಿಲ್ಲ.

ಡೈ ಅಂತ ಹೆಸರಷ್ಟೇ, ಬಟ್ಟೆಗೆ ಬಣ್ಣ ಹಾಕಿದಂಗೆ ಒಳಗೆ ಇಳಿಯೋದೇನಲ್ಲ, ಅದೂ ಮೇಲೆ ಕೂರೋ ಕೋಟಿಂಗೇ, ಆದ್ರೆ ತುಂಬ ತೆಳು, ಬಾಗಿದ್ರೆ ತಾನೂ ಬಾಗತ್ತೆ. ಇದರಲ್ಲಿ ನನಗೆ ಹಿಡಿಸಿದ್ದು ಪ್ಲಾಸ್ಟಿಕ್ ಮೇಲಿನ ಆ ಸಣ್ಣ ಚರ್ಮದಂಥ ಡಿಸೈನ್ ಮುಚ್ಚಿ ಹೋಗಲ್ಲ ಅನ್ನೋದು, ಪೇಂಟ್ ಮೂರು ಕೋಟ್ ಆಗೋ ಹೊತ್ತಿಗೆ ಆ ಗೀರೆಲ್ಲ ತುಂಬಿ ಬೋಳು ಬೋಳಾಗಿರತ್ತೆ. ಎಬಿಎಸ್ ಮೇಲೆ ಪ್ರೈಮರ್ ಇಲ್ಲದೇ ಹೊಡೆದೆ, ಕೈ ಇಡೋ ವಿನೈಲ್ ಪ್ಯಾಡಿಗೂ ಅದೇ ಡಬ್ಬಿ ಆಯ್ತು, ಎರಡರ ಬಣ್ಣನೂ ಒಂದೇ ಬಂತು. ಇಷ್ಟು ದಿನಕ್ಕೆ ಒಂದೇ ಒಂದು ಚಕ್ಕೆ ಎದ್ದಿಲ್ಲ, ಅಂಚಲ್ಲಿ ಸ್ವಲ್ಪ ಹೊಳಪು ಬಂದಿದೆ ಅಷ್ಟೇ. ತೊಂದರೆ ಅಂದ್ರೆ ಆಳವಾದ ಗೀರಿದ್ರೆ ಇದು ಮುಚ್ಚಲ್ಲ, ಹಾಗೇ ಎತ್ತಿ ತೋರಿಸತ್ತೆ. ಕಪ್ಪಿನ ಮೇಲೆ ತಿಳಿ ಬಣ್ಣ ತರೋಕೆ ಹೋದ್ರೂ ಕೋಟ್ ಮೇಲೆ ಕೋಟ್ ಹೊಡೀತಾನೇ ಇರ್ಬೇಕು.

ರ‍್ಯಾಪ್ ಬಗ್ಗೆ ನನಗೆ ಮಿಶ್ರ ಅಭಿಪ್ರಾಯ. ವಾಸನೆ ಇಲ್ಲ, ಒಣಗೋ ಕಾಯುವಿಕೆ ಇಲ್ಲ, ಡ್ಯಾಶ್‌ಬೋರ್ಡಿನ ಉದ್ದ ಪಟ್ಟಿಗೂ ಹಾಕಿದೆ, ಅದು ಸಪಾಟು ಇರೋದ್ರಿಂದ ಕಂಪನಿಯಿಂದಲೇ ಹಾಗೆ ಬಂದಿರ್ಬೇಕು ಅನ್ನೋ ಹಾಗಿದೆ. ಆದ್ರೆ ಸ್ವಿಚ್ ಪ್ಯಾನಲ್ಲಿನ ಒಳಮೂಲೆಗಳು ಸತಾಯಿಸಿಬಿಟ್ವು. ಹೇರ್ ಡ್ರೈಯರ್ ಬಿಸಿ ಕೊಟ್ಟು ಎಳೆದ್ರೆ ಕೂರತ್ತೆ, ಕೂತಿತು ಅಂತ ಖುಷಿ ಪಡ್ತೀರ, ಕಾರು ಬಿಸಿಲಲ್ಲಿ ನಿಂತ ನಾಲ್ಕು ದಿನಕ್ಕೆ ಎಳೆದಿದ್ದೆಲ್ಲ ವಾಪಸ್ ತನ್ನ ಜಾಗಕ್ಕೆ ಹೊರಟು ಅಂಚು ಬಾಯಿ ಬಿಡತ್ತೆ. ಗೇರ್ ಸುತ್ತಲಿನ ಪೀಸ್‌ಗೆ ಎರಡು ಸಲ ಹಾಕಿ ಎರಡು ಸಲ ಕಿತ್ತು ಕೊನೆಗೆ ಅದಕ್ಕೂ ಪೇಂಟೇ ಹೊಡೆದೆ. ತರಿ ತರಿ ಇರೋ ಪ್ಲಾಸ್ಟಿಕ್ ಮೇಲಂತೂ ರ‍್ಯಾಪ್ ನಿಲ್ಲೋದೇ ಇಲ್ಲ.

ರಬ್ಬರ್ ಪೇಂಟ್ ಬಗ್ಗೆ ಜಾಸ್ತಿ ಬರೆಯೋಕೇನಿಲ್ಲ, ಐದು ಕೋಟ್ ಹೊಡೆದೆ, ಮೂರು ವಾರಕ್ಕೆ ಮಗಳು ಉಗುರಲ್ಲಿ ಕೆರೆದು ಕೆರೆದು ಅರ್ಧ ಸುಲಿದಿದ್ಳು, ಉಳಿದರ್ಧ ನಾನೇ ಸುಲಿದೆ. ಈಗ ಆ ಪ್ಯಾನಲ್ಲಿಗೂ ಡೈ.

ಇಲ್ಲಿ ಎರಡು ಎಚ್ಚರಿಕೆ. ಏರ್‌ಬ್ಯಾಗ್ ಮುಚ್ಚಳಕ್ಕೆ ಇದರಲ್ಲಿ ಯಾವುದನ್ನೂ ಮಾಡ್ಬೇಡಿ, ಅದು ಸರಿಯಾದ ಗೆರೆಯಲ್ಲೇ ಸೀಳಿಕೊಂಡು ತೆರೆದುಕೊಳ್ಳಬೇಕಾದ್ದು. ಆಮೇಲೆ ಡ್ಯಾಶ್‌ಬೋರ್ಡ್ ಮೇಲ್ಭಾಗಕ್ಕೆ ಹೊಳಪಿನ ಬಣ್ಣ ಹೊಡೆದ್ರೆ ಬಿಸಿಲಲ್ಲಿ ಮುಂದಿನ ಗಾಜಿನ ಮೇಲೆ ಅದೇ ಪ್ರತಿಬಿಂಬ ಬಿದ್ದು ರಸ್ತೆ ಕಾಣಲ್ಲ, ಮ್ಯಾಟ್ ಬಿಟ್ಟು ಬೇರೆ ಬೇಡ.

ಅಂಟಂಟು ಕೋಟಿಂಗ್ ಏನಾಯ್ತು ಅಂತ ಹೇಳೋದೇ ಮರೆತೆ. ಅದರ ಮೇಲೆ ಏನೇ ಹೊಡೆದ್ರೂ ಕೆಳಗಿಂದ ಅದು ಮೆತ್ತಗಾಗ್ತಾನೇ ಇರತ್ತೆ, ಮೇಲೆ ತಳುಕು ಒಳಗೆ ಹುಳುಕು ಅಂತಾರಲ್ಲ ಹಾಗೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದೆ, ಸುಮಾರು ಒಂದೂವರೆ ಗಂಟೆ, ನಾಲ್ಕೈದು ಬನಿಯನ್ ಬಟ್ಟೆ ಹಾಳಾಯ್ತು, ಕಪ್ಪು ಮಸಿ ಉಗುರೊಳಗೆ ಮೂರು ದಿನ ಇತ್ತು. ಕೆಳಗೆ ನೋಡಿದ್ರೆ ಒಂದು ಗೀರಿಲ್ಲದ ಕಪ್ಪು ಪ್ಲಾಸ್ಟಿಕ್. ಅದಕ್ಕೆ ಹೊಡೀಬೇಕು ಅಂತ ತಂದಿದ್ದ ಸ್ಪ್ರೇ ಕ್ಯಾನ್ ಸೀಲ್ ಕೂಡ ಒಡೆಯದೆ ಹಾಗೇ ಕೂತಿದೆ.